ಗೊಂಜಾಳದ ಸುಳಿಯೊಳಗಿನ ಹುಳ ಮತ್ತು ಅದರ ತಾಯಿ ಪತಂಗ



ರೇಷ್ಮೆ ಪತಂಗದ ಜೀವನಚಕ್ರವನ್ನು ನಾವೆಲ್ಲ ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಮೊಟ್ಟೆ, ಮರಿಹುಳ, ಕೋಶ, ಪತಂಗ ಎಂದು ನಾಲ್ಕು ಹಂತಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಚಿತ್ರ ಸಹಿತ ಬರೆದು ಅಂಕ ಪಡೆದಿದ್ದೇವೆ. ಆದರೆ ನಮ್ಮ ಓಣಿಯಲ್ಲಿ ರೇಷ್ಮೆ ಹುಳ ಸಾಕಿದವರು ಯಾರೂ ಇಲ್ಲ. ಅದೇ ನಾಲ್ಕು ಹಂತದ ಇನ್ನೊಂದು ಪತಂಗ, ಕರೆಯದೆ ಬಂದ ಬೀಗರ ಹಾಗೆ, ನಮ್ಮ ಗೊಂಜಾಳದ ಹೊಲದಲ್ಲೇ ಮನೆ ಮಾಡಿಕೊಂಡಿದೆ. ಅದರ ಹುಳವನ್ನು ನಮ್ಮೂರಲ್ಲಿ ನೋಡದವರು ಇರಲಿಕ್ಕಿಲ್ಲ. ಹುಳದ ತಾಯಿಯನ್ನು ನೋಡಿದವರು ಮಾತ್ರ ಬಹಳ ಕಡಿಮೆ. ಆದ್ದರಿಂದ ಈ ಸಲದ ಗೋಡೆ ಪತ್ರಿಕೆಗೆ ನಾನು ಇದನ್ನೇ ಆರಿಸಿಕೊಂಡೆ.

ಇದರ ಹೆಸರು ಫಾಲ್ ಸೈನಿಕ ಹುಳ. ಸುಳಿ ತುಂಬ ಲದ್ದಿ ಹಾಕುವುದರಿಂದ ಲದ್ದಿ ಹುಳ ಅಂತಲೂ ಕರೆಯುತ್ತಾರೆ. ಫಾಲ್ ಅಂದರೆ ಇಂಗ್ಲಿಷಿನಲ್ಲಿ ಬೀಳುವುದು, ಆದರೆ ಇದು ಬೀಳುವ ಹುಳ ಅಂತ ತಿಳಿಯಬೇಡಿ. ಅಮೆರಿಕದವರು ಎಲೆ ಉದುರುವ ಶರತ್ಕಾಲಕ್ಕೆ ಫಾಲ್ ಎನ್ನುತ್ತಾರೆ, ಅಲ್ಲಿ ಇದರ ಕಾಟ ಆ ಕಾಲಕ್ಕೆ ಜಾಸ್ತಿ. ಒಂದು ಹೊಲದ ಮೇವು ಮುಗಿದರೆ ಸಿಪಾಯಿಗಳ ದಂಡಿನಂತೆ ಮುಂದಿನ ಹೊಲಕ್ಕೆ ಸಾಗುವುದರಿಂದ ಸೈನಿಕ ಹುಳ ಎಂಬ ಹೆಸರು ಬಂತು. ಶಾಸ್ತ್ರೀಯ ಹೆಸರು ಸ್ಪೊಡಾಪ್ಟೆರಾ ಫ್ರುಜಿಪೆರ್ಡಾ. ಎರಡನೆಯ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಕಳೆದುಹೋದ ಫಲ' ಎಂದು ಅರ್ಥ. 1797ರಲ್ಲೇ ಈ ಹೆಸರು ಇಟ್ಟವರಿಗೆ ನಮ್ಮ ಹೊಲ ಕಂಡಿತ್ತೋ ಏನೋ ಅನ್ನಿಸುತ್ತದೆ!

ಇದು ನಮ್ಮ ದೇಶದ ಕೀಟವಲ್ಲ. ಮೂಲ ಸ್ಥಾನ ಅಮೆರಿಕ ಖಂಡದ ಬಿಸಿ ಪ್ರದೇಶ. 2016ರಲ್ಲಿ ಆಫ್ರಿಕದ ಪಶ್ಚಿಮ ಭಾಗದಲ್ಲಿ ಕಾಣಿಸಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊಟ್ಟಮೊದಲು ಸಿಕ್ಕಿತು. ಎಲ್ಲಿ ಗೊತ್ತೇ? ನಮ್ಮ ಕರ್ನಾಟಕದ ಶಿವಮೊಗ್ಗದಲ್ಲಿ, ಗೊಂಜಾಳದ ಹೊಲದಲ್ಲಿ. ಅದೇ ವರ್ಷ ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯ ಕಬ್ಬಿನಲ್ಲೂ ಕಂಡಿತು. 2019ರಲ್ಲಿ ಚೀನಾ ಮುಟ್ಟಿತು, 2020ರಲ್ಲಿ ಆಸ್ಟ್ರೇಲಿಯಾ. ಅಂದರೆ ನಾಲ್ಕು ವರ್ಷದಲ್ಲಿ ಅರ್ಧ ಭೂಗೋಳ ಸುತ್ತಿತು. ನಮ್ಮ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಪತಂಗ ಇಷ್ಟು ದೂರ ಹೇಗೆ ಹೋದೀತು ಎಂದು ನಮ್ಮ ತರಗತಿಯಲ್ಲಿ ಎಲ್ಲರೂ ಕೇಳಿದರು. ಗಾಳಿಯ ಜೊತೆ ಹಾರಿದರೆ ಇದು ಒಂದೇ ರಾತ್ರಿಯಲ್ಲಿ 100 ಕಿ.ಮೀ. ಹೋಗಬಲ್ಲದು.

ಪತಂಗಗಳ ಹಾರಾಟ ದೊಡ್ಡ ವಿಸ್ಮಯ. ಇದೇ ಕುಟುಂಬಕ್ಕೆ ಸೇರಿದ ಬೊಗಾಂಗ್ ಎಂಬ ಪತಂಗ ಆಸ್ಟ್ರೇಲಿಯಾದಲ್ಲಿದೆ. ಅದು ಬೇಸಿಗೆಯ ಸೆಕೆ ತಾಳದೆ 1000 ಕಿ.ಮೀ. ತನಕ ಹಾರಿ, ಹಿಮ ಬೀಳುವ ಎತ್ತರದ ಬೆಟ್ಟಗಳ ತಂಪು ಗವಿಗೆ ಹೋಗಿ ನಿದ್ದೆ ಮಾಡುತ್ತದೆ. ಗವಿಯ ಗೋಡೆಗೆ ಒಂದು ಚದರ ಮೀಟರಿಗೆ ಸುಮಾರು 17,000 ಪತಂಗಗಳು ಹಂಚು ಹೊದಿಸಿದಂತೆ ಅಂಟಿಕೊಂಡಿರುತ್ತವೆಯಂತೆ. ನಮ್ಮ ಗೊಂಜಾಳದ ಪತಂಗಕ್ಕೆ ಅಂಥ ನಿದ್ದೆಯೇ ಇಲ್ಲ. ಚಳಿ ಬಿದ್ದರೆ ಅದು ಸಾಯುತ್ತದೆ. ಅಮೆರಿಕದಲ್ಲಿ ಪ್ರತಿ ವರ್ಷ ಉತ್ತರದ ಕಡೆ ಹಿಮದಲ್ಲಿ ಎಲ್ಲವೂ ಸತ್ತು, ದಕ್ಷಿಣದ ಬಿಸಿ ಭಾಗದಲ್ಲಿ ಉಳಿದವು ಮರುವರ್ಷ ಮತ್ತೆ ಹಾರಿ ಹೋಗುತ್ತವೆ. ನಮ್ಮಲ್ಲಿ ಹಿಮವೂ ಇಲ್ಲ, ಬಾವಿ ಬೋರಿನ ನೀರಿಗೆ ಎಲ್ಲಿಯಾದರೂ ಒಂದು ತುಂಡು ಹಸಿರು ಗೊಂಜಾಳ ಇದ್ದೇ ಇರುತ್ತದೆ. ಹಾಗಾಗಿ ಇದಕ್ಕೆ ವರ್ಷವಿಡೀ ಸುಗ್ಗಿ.

ಹೋದ ವರ್ಷ ನಮ್ಮ ಲಾವಣಿ ಹೊಲದ ಗೊಂಜಾಳ ಇದರ ಬಾಯಿಗೆ ಹೋಯಿತು. ಅಪ್ಪ ಮೂರು ಸಲ ಎಣ್ಣೆ ಹೊಡೆದರು. ಬೆನ್ನಿಗೆ ಪಂಪು ಕಟ್ಟಿಕೊಂಡು ಸಂಜೆ ಮನೆಗೆ ಬಂದರೆ ಭುಜ ಕೆಂಪಾಗಿರುತ್ತಿತ್ತು. ಆದರೂ ಸುಳಿ ಬಿಡಿಸಿ ನೋಡಿದರೆ ಹುಳ ಜೀವಂತ. ಕಾಕಾ, "ಎಣ್ಣಿ ಡೂಪ್ಲಿಕೇಟ್ ಐತಿ, ಅಂಗಡಿಯಾವ ಮೋಸ ಮಾಡ್ಯಾನ" ಎಂದು ಜಗಳಕ್ಕೆ ಹೊರಟಿದ್ದರು. ಅಕ್ಕನನ್ನು ಕಾಲೇಜಿಗೆ ಹಚ್ಚುವ ರೊಕ್ಕ ಆ ಗೊಂಜಾಳದಿಂದಲೇ ಬರಬೇಕಾಗಿತ್ತು. ಕೊನೆಗೆ ಹಿಂಡುವ ಎಮ್ಮೆಯನ್ನು ಮಾರಿ ಅವಳ ಫೀ ತುಂಬಿದರು. ಎಣ್ಣೆ ನಿಜವಾಗಿ ಖೋಟಾ ಇತ್ತೇ? ಅದು ನನಗೆ ಬಗೆಹರಿಯಲಿಲ್ಲ. ವಿಜ್ಞಾನದ ಗುರುಗಳನ್ನು ಕೇಳಿದಾಗ, "ಹುಳ ಸಾಕಿ ನೋಡು, ದಿನಾಂಕ ಬರೆದಿಡು, ಉತ್ತರ ತಾನೇ ಸಿಗುತ್ತದೆ" ಎಂದರು. ಈ ಮುಂಗಾರಿನಲ್ಲಿ ನಾನು ಅದನ್ನೇ ಮಾಡಿದೆ.

ಜೂನ್ 28ರಂದು ಎರಡು ವಾರದ ಗೊಂಜಾಳದ ಸಸಿಯಲ್ಲಿ ಮೊಟ್ಟೆ ಸಿಕ್ಕವು. ಎಲೆಯ ಕೆಳಮೈಗೆ, ಗೋಡೆಗೆ ಬೂಷ್ಟು ಬಂದಂತೆ ಬೂದು ಬಣ್ಣದ ಒಂದು ಚುಕ್ಕೆ. ತಾಯಿ ಪತಂಗ ತನ್ನ ಮೈಮೇಲಿನ ಕೂದಲಿನಂಥ ಹುರುಪೆಯನ್ನೇ ಉದುರಿಸಿ ಮೊಟ್ಟೆಗಳಿಗೆ ದುಪ್ಪಟಿ ಹೊದಿಸುತ್ತದೆ. ಮೊಟ್ಟೆಯ ಅಗಲ ಅರ್ಧ ಮಿಲಿಮೀಟರೂ ಇಲ್ಲ, ರಾಗಿ ಕಾಳಿಗಿಂತ ಸಣ್ಣದು. ಒಂದು ಗುಂಪಿನಲ್ಲಿ 100ರಿಂದ 200 ಇರುತ್ತವೆ. ಒಂದು ಹೆಣ್ಣು ತನ್ನ ಜೀವಮಾನದಲ್ಲಿ ಸರಾಸರಿ 1500 ಮೊಟ್ಟೆ ಇಡುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ಆ 1500ರಲ್ಲಿ ಅರ್ಧ, ಅಂದರೆ 750 ಹೆಣ್ಣು. ಎಲ್ಲವೂ ಬದುಕಿ ತಲಾ 1500 ಇಟ್ಟರೆ ಎರಡನೆಯ ತಲೆಮಾರಿಗೆ 11,25,000! ಹಾಗೆ ಆಗುವುದಿಲ್ಲ, ಯಾಕೆ ಆಗುವುದಿಲ್ಲ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಎರಡೇ ದಿನಕ್ಕೆ, ಜೂನ್ 30ರ ಬೆಳಿಗ್ಗೆ ಮೊಟ್ಟೆ ಒಡೆದವು. ಮರಿಗಳು ಮೊದಲು ತಮ್ಮ ಮೊಟ್ಟೆಯ ಸಿಪ್ಪೆಯನ್ನೇ ತಿಂದವು. ಮೈ ಹಸಿರು ಬಿಳುಪು, ತಲೆ ಮಾತ್ರ ಕರಿ. ಉದ್ದ 2 ಮಿ.ಮೀ. ಇಲ್ಲ. ಇಷ್ಟು ಸಣ್ಣ ಬಾಯಿಯಿಂದ ಎಲೆಯನ್ನು ಆರಪಾರು ಕಡಿಯಲು ಆಗುವುದಿಲ್ಲ. ಹಸಿರನ್ನು ಕೆರೆದು ತಿಂದು ತೆಳುವಾದ ಬಿಳಿ ಪೊರೆ ಹಾಗೇ ಬಿಡುತ್ತವೆ. ಬೆಳಕಿಗೆ ಹಿಡಿದರೆ ಕಿಟಕಿಯ ಗಾಜಿನಂತೆ ಕಾಣುತ್ತದೆ (1ನೇ ಚಿತ್ರ ನೋಡಿ). ಹೊಲದಲ್ಲಿ ಈ ಗಾಜಿನ ಗುರುತು ಕಂಡರೆ ಹುಳ ಇನ್ನೂ ಕೂಸು ಎಂದು ತಿಳಿಯಬೇಕು. ಆಮೇಲೆ ಬಾಯಿಂದ ನೂಲು ಬಿಟ್ಟು ಗಾಳಿಗೆ ಜೋತು ಬಿದ್ದು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುತ್ತವೆ. ನಮ್ಮ ಆಲದ ಬಿಳಲಿನ ಜೋಕಾಲಿ ಆಟ ಇವಕ್ಕೂ ಗೊತ್ತು.

ಹುಳಕ್ಕೆ ಆರು ಹಂತ. ಒಂದೊಂದು ಹಂತಕ್ಕೆ ಪೊರೆ ಕಳಚುತ್ತದೆ, ಯಾಕೆಂದರೆ ಅದರ ಚರ್ಮ ನಮ್ಮ ಹಾಗೆ ಬೆಳೆಯುವುದಿಲ್ಲ, ಹಳೆ ಅಂಗಿ ಬಿಗಿಯಾದಾಗ ಬಿಚ್ಚಿ ಹಾಕಲೇಬೇಕು. ಮೂರನೆಯ ಹಂತದ ನಂತರ ಮೈ ಕಂದು ಆಗಿ ಬೆನ್ನ ಮೇಲೆ ಉದ್ದ ಗೆರೆಗಳು ಮೂಡಿದವು. ಈಗ ಗುರುತು ಹಿಡಿಯುವುದು ಸುಲಭ. ಹಣೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗಾಗಿ ಬರೆದಂತೆ ಬಿಳಿ ಗುರುತು ಇರುತ್ತದೆ. ಬಾಲದ ಹತ್ತಿರ ನಾಲ್ಕು ಕರಿ ಚುಕ್ಕೆಗಳು ಕೇರಂ ಬೋರ್ಡಿನ ನಾಲ್ಕು ತೂತುಗಳ ಹಾಗೆ ಚೌಕಾಕಾರವಾಗಿ ಇರುತ್ತವೆ. ಈ ಎರಡೂ ಇದ್ದರೆ ಅದು ಇದೇ ಹುಳ. ನಿಪ್ಪಾಣಿ ಕಡೆ ತಂಬಾಕಿಗೆ, ನಮ್ಮಲ್ಲಿ ಸೋಯಾಬೀನಿಗೆ ಬೀಳುವ ಹುಳ ಇದರ ದಾಯಾದಿ. ಅದೂ ಮೊಟ್ಟೆಗೆ ದುಪ್ಪಟಿ ಹೊದಿಸುತ್ತದೆ, ಆದರೆ ಹಣೆಯ ವೈ ಮತ್ತು ಬಾಲದ ಚೌಕ ಎರಡೂ ಸೇರಿ ಅದಕ್ಕೆ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ.

ಒಂದು ಪ್ರಯೋಗ ಹೇಳಲೇಬೇಕು. ನಾನು ಬೇಕೆಂದೇ ಆರು ಹುಳಗಳನ್ನು ಒಂದೇ ಡಬ್ಬಿಯಲ್ಲಿ, ಇನ್ನು ಆರನ್ನು ಬೇರೆ ಬೇರೆ ಆರು ಬಾಟಲಿಯಲ್ಲಿ ಇಟ್ಟು ಎರಡಕ್ಕೂ ಸಾಕಷ್ಟು ಎಲೆ ಹಾಕಿದೆ. ಐದನೆಯ ದಿನ ಬಾಟಲಿಗಳಲ್ಲಿ ಆರೂ ಇದ್ದವು. ಡಬ್ಬಿಯಲ್ಲಿ ಒಂದೇ ಉಳಿದಿತ್ತು, ಅದು ಎಲ್ಲಕ್ಕಿಂತ ದಪ್ಪ! ಇವು ಒಂದನ್ನೊಂದು ತಿನ್ನುತ್ತವೆ. ಅದಕ್ಕೇ ದೊಡ್ಡ ಹುಳ ಒಂದು ಸುಳಿಯಲ್ಲಿ ಒಂದೇ ಸಿಗುವುದು ಹೆಚ್ಚು. ಲಕ್ಷಗಟ್ಟಲೆ ಆಗದಿರಲು ಇದೂ ಒಂದು ಕಾರಣ.

ದೊಡ್ಡ ಹುಳ ಸುಳಿಯ ಒಳಗೆ ಇಳಿದು ಕೂತು, ಸುತ್ತಿಕೊಂಡ ಎಲೆಯನ್ನೇ ಕೊರೆಯುತ್ತದೆ. ಕಾಗದ ಮಡಚಿ ಒಂದು ತೂತು ಹೊಡೆದು ಬಿಚ್ಚಿದರೆ ಸಾಲು ತೂತು ಕಾಣುತ್ತವಲ್ಲ, ಎಲೆ ಬಿಚ್ಚಿದಾಗ ಹಾಗೇ ಕಾಣುತ್ತದೆ. ತನ್ನ ಲದ್ದಿಯನ್ನು ತಲೆಯ ಮೇಲೆ ಒಟ್ಟುತ್ತದೆ. ಕಟ್ಟಿಗೆ ಕೊಯ್ದ ಪುಡಿಯಂಥ ಆ ಲದ್ದಿ ಸುಳಿಗೆ ಬೂಚು ಹಾಕಿದಂತೆ ಕೂರುತ್ತದೆ. ಮೇಲಿಂದ ಹೊಡೆದ ಎಣ್ಣೆ ಆ ಬೂಚಿನಲ್ಲೇ ಇಂಗಿ ಹೋಗುತ್ತದೆ, ಕೆಳಗಿರುವ ಹುಳಕ್ಕೆ ಹನಿಯೂ ತಾಗುವುದಿಲ್ಲ.

ಈಗ ಮುಖ್ಯ ಲೆಕ್ಕಕ್ಕೆ ಬರುತ್ತೇನೆ. ಒಂದು ಹುಳ ಹುಟ್ಟಿದಾಗಿನಿಂದ ಮಣ್ಣಿಗೆ ಇಳಿಯುವ ತನಕ ತಿನ್ನುವ ಎಲೆಯನ್ನು ವಿಜ್ಞಾನಿಗಳು ಅಳೆದಿದ್ದಾರೆ. ಅದನ್ನು 100 ಭಾಗ ಎಂದು ಹಿಡಿದರೆ ಮೊದಲ ಮೂರು ಹಂತ ಸೇರಿ ತಿನ್ನುವುದು 2 ಭಾಗಕ್ಕಿಂತ ಕಡಿಮೆ. ನಾಲ್ಕನೆಯದರಲ್ಲಿ ಸುಮಾರು 5, ಐದನೆಯದರಲ್ಲಿ 16. ಆರನೆಯ ಒಂದೇ ಹಂತದಲ್ಲಿ 77! ನನ್ನ ಬಾಟಲಿಯಲ್ಲೂ ಕಂಡದ್ದು ಹೀಗೇ. ಮೊದಲ ವಾರ ಬೆರಳಿನಷ್ಟು ಎಲೆ ಸಾಕಾಗುತ್ತಿತ್ತು, ಕೊನೆಗೆ ದಿನಕ್ಕೆ ಎರಡು ಸಲ ಎಲೆ ತುಂಬಿದರೂ ಬೆಳಿಗ್ಗೆ ಬರೀ ಲದ್ದಿ. ಹುಳ ಹುಟ್ಟಿ ಮಣ್ಣಿಗೆ ಇಳಿಯಲು 16 ದಿನ ಆಯಿತು. ಅಂದರೆ ಹೊಲದ ದಂಡೆಯಲ್ಲಿ ನಿಂತು ನೋಡಿ "ಅಯ್ಯೋ, ಬೆಳಿ ಹೋತು" ಅನ್ನುವ ಹೊತ್ತಿಗೆ ಹುಳದ ಊಟ ಮುಗಿಯಲು ಬಂದಿರುತ್ತದೆ. ಆಗ ಪಂಪು ಹೊತ್ತರೆ ಏನು ಉಪಯೋಗ? ಹೋದ ವರ್ಷ ಅಪ್ಪ ಮೊದಲ ಸಲ ಎಣ್ಣೆ ಹೊಡೆದದ್ದು ಲದ್ದಿ ಕಂಡ ಮೇಲೆಯೇ. ಈ ಲೆಕ್ಕ ತೋರಿಸಿದಾಗ ಅಪ್ಪ ಬಹಳ ಹೊತ್ತು ನನ್ನ ನೋಟ್‌ಬುಕ್ ಹಿಡಿದುಕೊಂಡೇ ಕೂತರು. ಆಮೇಲೆ ಕಾಕಾಗೆ, "ಎಣ್ಣಿ ಖೋಟಾ ಇತ್ತೋ ಇಲ್ಲೋ ದೇವರಿಗೆ ಗೊತ್ತು. ದಿವಸ ಅಂತೂ ತಪ್ಪಿತ್ತು ನೋಡಪಾ" ಎಂದರು.

ಜುಲೈ 16ಕ್ಕೆ ಹುಳ ತಿನ್ನುವುದನ್ನು ಬಿಟ್ಟಿತು. 32 ಮಿ.ಮೀ. ಉದ್ದ ಇತ್ತು, ಕಂಪಾಸು ಪೆಟ್ಟಿಗೆಯ ಸ್ಕೇಲಿನಿಂದ ಅಳೆದದ್ದು. ಬಾಟಲಿಯ ತಳದಲ್ಲಿ ಹಾಕಿದ್ದ ಮಣ್ಣಿನೊಳಗೆ ಸರಸರ ಇಳಿಯಿತು. ಹೊಲದಲ್ಲಿ 2ರಿಂದ 8 ಸೆಂ.ಮೀ. ಆಳಕ್ಕೆ ಹೋಗುತ್ತದೆ. ರೇಷ್ಮೆ ಹುಳದ ಹಾಗೆ ಬೆಲೆಬಾಳುವ ಗೂಡು ಇದು ಕಟ್ಟುವುದಿಲ್ಲ, ಮಣ್ಣಿನ ಕಣಗಳನ್ನೇ ನೂಲಿನಿಂದ ಅಂಟಿಸಿ ಸಣ್ಣ ಕೋಣೆ ಮಾಡುತ್ತದೆ. ಒಳಗೆ ಕೆಂಪು ಕಂದು ಬಣ್ಣದ ಕೋಶ, ಹುಣಸೆ ಬೀಜಕ್ಕೆ ಎಣ್ಣೆ ಸವರಿದಂತೆ ಮಿಂಚುತ್ತದೆ. ಮುಟ್ಟಿದರೆ ಬಾಲ ಅಲ್ಲಾಡಿಸುತ್ತದೆ. ಬಾಯಿ ಇಲ್ಲ, ಕಾಲಿಲ್ಲ, ಊಟವಿಲ್ಲ. ಆ ಕೋಶದ ಒಳಗೆ ಹುಳದ ಮೈ ಬಹಳ ಮಟ್ಟಿಗೆ ಕರಗಿ, ರೆಕ್ಕೆ, ಮೀಸೆ, ಉದ್ದ ಕಾಲು ಎಲ್ಲ ಹೊಸದಾಗಿ ತಯಾರಾಗುತ್ತವೆ. ರೆಂಟೆ ಹೊಡೆಯುವಾಗ ಬೆಳ್ಳಕ್ಕಿಗಳು ಎತ್ತಿನ ಹಿಂದೆ, ಈಗ ಟ್ರ್ಯಾಕ್ಟರಿನ ಹಿಂದೆ, ಹೆಕ್ಕುತ್ತಾ ಬರುತ್ತವಲ್ಲ, ಇಂಥ ಕೋಶಗಳೂ ಅವುಗಳ ಬಾಯಿಗೆ ಬೀಳುತ್ತವೆ. ಕೊಯ್ಲಾದ ಕೂಡಲೇ ಆಳವಾಗಿ ಉಳುಮೆ ಮಾಡಿ ಎಂದು ಕೃಷಿ ಇಲಾಖೆಯವರು ಹೇಳುವುದು ಇದಕ್ಕಾಗಿ.

ಜುಲೈ 26ರ ರಾತ್ರಿ ಮೊದಲ ಪತಂಗ ಹೊರಗೆ ಬಂತು. ಮಣ್ಣಿನಿಂದ ಬಂದಾಗ ರೆಕ್ಕೆ ಮುದುಡಿದ ಒದ್ದೆ ಕಾಗದದಂತೆ ಇತ್ತು, ಸ್ವಲ್ಪ ಹೊತ್ತಿಗೆ ಹರಡಿಕೊಂಡು ಗಟ್ಟಿಯಾಯಿತು. ನೋಡಲು ಬಹಳ ಸಾದಾ ಪತಂಗ. ಪಾತರಗಿತ್ತಿಯ ಹಾಗೆ ಬಣ್ಣವಿಲ್ಲ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಸುಮಾರು 35 ಮಿ.ಮೀ. ಗಂಡಿನ ಮುಂದಿನ ರೆಕ್ಕೆ ಬೂದು ಕಂದು, ತುದಿಗೆ ತ್ರಿಕೋನದ ಬಿಳಿ ಮಚ್ಚೆ, ನಡುವೆ ಓರೆಯಾಗಿ ಇನ್ನೊಂದು ತಿಳಿ ಮಚ್ಚೆ. ಹೆಣ್ಣು ಮಬ್ಬು, ಮಚ್ಚೆಗಳು ಅಷ್ಟಾಗಿ ಕಾಣುವುದಿಲ್ಲ. ಇಬ್ಬರ ಹಿಂದಿನ ರೆಕ್ಕೆಯೂ ಬೆಳ್ಳಿಯಂತೆ ಬಿಳಿ, ಅಂಚಿಗೆ ಮಾತ್ರ ಕಪ್ಪು ಗೆರೆ. ಹಗಲು ಸುಳಿಯಲ್ಲೋ ಕಸದಲ್ಲೋ ಅಡಗಿ ಕೂತು ರಾತ್ರಿ ಹಾರುತ್ತದೆ. ಇದಕ್ಕೆ ಎಲೆ ಕಡಿಯುವ ಬಾಯಿಯೇ ಇಲ್ಲ, ಹೂವಿನ ರಸ ಹೀರುವ ಸುರುಳಿ ನಳಿಗೆ ಇದೆ. ಆಯುಷ್ಯ ಸುಮಾರು 10 ದಿನ. ಮೊಟ್ಟೆಯಿಂದ ಪತಂಗದ ತನಕ ನನ್ನ ಲೆಕ್ಕದಲ್ಲಿ ಒಂದು ತಿಂಗಳು ಆಯಿತು. ಚಳಿಗಾಲದಲ್ಲಿ ಇದಕ್ಕಿಂತ ತಡವಾಗುತ್ತದೆ.

ಪತಂಗಗಳನ್ನು ಹೊರಗೆ ಬಿಟ್ಟರೆ ಹೊಲಕ್ಕೇ ಹೋಗುತ್ತವೆ ಎಂದು ಬಾಟಲಿ ತೆರೆಯಲಿಲ್ಲ. ಆಯಿ ಮಾತ್ರ, "ತಿಂಗಳಾನ ಸಾಕಿದ ಜೀವ, ಹಿಂಗ ಮುಚ್ಚಿಟ್ಟ ಕೊಲ್ಲತಿ ಏನ?" ಎಂದು ಬೇಸರ ಮಾಡಿಕೊಂಡಳು. ಅವಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸಕ್ಕರೆ ನೀರಿನ ಅರಳೆ ಇಟ್ಟೆ, ಕುಡಿದವು. ಹೆಣ್ಣು ಬಾಟಲಿಯ ಗಾಜಿಗೂ ಬಾಯಿಗೆ ಕಟ್ಟಿದ ಬಟ್ಟೆಗೂ ಮೊಟ್ಟೆ ಇಟ್ಟಿತು, ಅವನ್ನು ಒಲೆಗೆ ಹಾಕಿದೆವು. ಎಂಟು ಒಂಬತ್ತು ದಿನಕ್ಕೆ ಅವು ತಾವಾಗಿಯೇ ಸತ್ತವು. ಈ ಕಾಗದದ ಬಲಗಡೆ ರಟ್ಟಿಗೆ ಅಂಟಿಸಿದ ಗಂಡು ಮತ್ತು ಹೆಣ್ಣು ಅವೇ. ದಯವಿಟ್ಟು ಬೆರಳಿನಿಂದ ಮುಟ್ಟಬೇಡಿ, ರೆಕ್ಕೆಯ ಪುಡಿ ಉದುರುತ್ತದೆ.

ಹಾಗಾದರೆ ಸರಿಯಾದ ದಿವಸ ತಿಳಿಯುವುದು ಹೇಗೆ? ಇದಕ್ಕೆ ಮೋಹಕ ಬಲೆ ಇದೆ. ಹೆಣ್ಣು ಪತಂಗ ರಾತ್ರಿ ಒಂದು ವಾಸನೆ ಬಿಡುತ್ತದೆ, ಗಂಡು ತನ್ನ ಮೀಸೆಯಿಂದ ಅದನ್ನು ಹಿಡಿದು ಹುಡುಕಿಕೊಂಡು ಬರುತ್ತದೆ. ಅಂಥದೇ ವಾಸನೆಯ ಗುಳಿಗೆಯನ್ನು ಬಲೆಗೆ ಕಟ್ಟಿದರೆ ಗಂಡು ಮೋಸ ಹೋಗಿ ಕೆಳಗಿನ ಚೀಲದಲ್ಲಿ ಬೀಳುತ್ತದೆ. ಬಲೆಯಿಂದ ಹುಳ ಮುಗಿದೇಹೋಗುತ್ತದೆ ಅಂತ ಕೆಲವರು ತಿಳಿದಿದ್ದಾರೆ, ಅದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಬಲೆ ಒಂದು ಗಡಿಯಾರ ಇದ್ದಂತೆ. ಪತಂಗ ಬಿತ್ತು ಅಂದರೆ ಮೂರು ನಾಲ್ಕು ದಿನದಲ್ಲಿ ಮೊಟ್ಟೆ, ಅಲ್ಲಿಂದ ಎರಡು ಮೂರು ದಿನಕ್ಕೆ ಗಾಜಿನ ಗುರುತು. ಹೊಲಕ್ಕೆ ಇಳಿಯಬೇಕಾದ ವಾರ ಅದು. ಐದು ಕಡೆ ನಿಂತು 20 ಗಿಡದಂತೆ 100 ಗಿಡ ನೋಡಬೇಕು. ಎಳೆ ಸಸಿಯಲ್ಲಿ 5 ಗಿಡಕ್ಕೆ ಗುರುತು ಕಂಡರೆ ತಡ ಮಾಡಬಾರದು.

ಈ ವರ್ಷ ನಾವು ಹಾಗೇ ಮಾಡಿದೆವು. ಅವ್ವ, ಅಕ್ಕ, ನಾನು ಸಾಲು ಹಿಡಿದು ಮೊಟ್ಟೆಯ ಗುಂಪುಗಳನ್ನು ಬೆರಳಿನಿಂದ ಹಿಸುಕಿದೆವು. ಒಂದು ಗುಂಪು ಹಿಸುಕಿದರೆ ನೂರು ಹುಳ ಹೋದಂತೆ, ಇದಕ್ಕೆ ಪೈಸೆ ಖರ್ಚಿಲ್ಲ. ಬೇವಿನ ಬೀಜದ 5% ಕಷಾಯವನ್ನು ಅಪ್ಪ ಸುಳಿಯೊಳಗೇ ಬೀಳುವಂತೆ ಹೊಡೆದರು. ಹುಳ ದೊಡ್ಡದಾದ ಮೇಲೆ ಬೇರೆ ಉಪಾಯ. 10 ಕೆ.ಜಿ. ಅಕ್ಕಿ ತೌಡಿಗೆ 2 ಕೆ.ಜಿ. ಬೆಲ್ಲ ಮತ್ತು ಎರಡು ಮೂರು ಲೀಟರ್ ನೀರು ಕಲಸಿ ಒಂದು ದಿನ ಹುಳಿ ಬರಿಸಿ, ಔಷಧಿ ಬೆರೆಸಿ, ಸಂಜೆ ಸುಳಿಗೆ ಚಿಟಿಕೆಯಷ್ಟು ಹಾಕುತ್ತಾರೆ. ಬೆಲ್ಲದ ಆಸೆಗೆ ಹುಳ ಮೇಲೆ ಬರುತ್ತದೆ. ಔಷಧಿ ಯಾವುದು, ಎಷ್ಟು ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಹಾಕಬೇಕು. ಆ ಕೆಲಸ ದೊಡ್ಡವರದು, ನಾವು ಮಕ್ಕಳು ಮುಟ್ಟಲೇಬಾರದು. ಆ ಹೊಲದ ಮೇವನ್ನು ದನಕ್ಕೂ ಹಾಕಬಾರದು.

ನಮಗೆ ಸಹಾಯ ಮಾಡುವವರೂ ಇದ್ದಾರೆ. ಕಬ್ಬಿನವರಿಗೆ ಗೊತ್ತಿರುವ ಟ್ರೈಕೊಗ್ರಾಮಾ ಎಂಬ ಚುಕ್ಕೆಯಷ್ಟು ಕಣಜ ಪತಂಗದ ಮೊಟ್ಟೆಯ ಒಳಗೆ ತನ್ನ ಮೊಟ್ಟೆ ಇಡುತ್ತದೆ. ಇರುವೆ, ಕತ್ತರಿ ಬಾಲದ ಹುಳ, ಹಕ್ಕಿಗಳು ಮರಿಗಳನ್ನು ತಿನ್ನುತ್ತವೆ. ಜಿಟಿಜಿಟಿ ಮಳೆ ಹಿಡಿದಾಗ ಕೆಲವು ಹುಳ ಎಲೆಗೆ ಅಂಟಿ, ಸುಣ್ಣ ಬಳಿದಂತೆ ಬಿಳಿಯಾಗಿ ಸೆಟೆದಿರುತ್ತವೆ, ಆಮೇಲೆ ತಿಳಿ ಹಸಿರಾಗುತ್ತವೆ. ಅದು ಹುಳಕ್ಕೆ ಬರುವ ಬೂಷ್ಟು ರೋಗ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅದೇ ಬೂಷ್ಟನ್ನು ಬೆಳೆಸಿ ಪುಡಿ ಮಾಡಿ ಸೋಯಾಬೀನಿನ ಹುಳಕ್ಕೆ ಬಳಸುವುದನ್ನು ರೈತರಿಗೆ ಕಲಿಸಿದ್ದಾರೆ. ಅಂಥ ಬಿಳಿ ಹುಳ ಕಂಡರೆ ಕಿತ್ತು ಒಗೆಯಬೇಡಿ, ಅದರ ಪುಡಿ ಗಾಳಿಗೆ ಹಾರಿ ಉಳಿದ ಹುಳಗಳಿಗೂ ರೋಗ ಹಚ್ಚುತ್ತದೆ.

ಹೋದ ರವಿವಾರ ನಾನು ಮತ್ತು ಅಪ್ಪ 100 ಗಿಡ ಎಣಿಸಿದಾಗ 4 ಗಿಡದಲ್ಲಿ ಮಾತ್ರ ಹೊಸ ಗಾಯ ಕಂಡಿತು. ತೆನೆ ಈಗ ಕೂದಲು ಬಿಟ್ಟಿವೆ. ಇನ್ನೂ ಕೊಯ್ಲು ಆಗಬೇಕು, ಈ ಹುಳ ತೆನೆಗೂ ಇಳಿಯುತ್ತದೆ, ಆದ್ದರಿಂದ ಈಗಲೇ ಏನೂ ಹೇಳುವುದಿಲ್ಲ.

ಈ ಪತ್ರಿಕೆಯ ಕೆಳಗೆ ದಾರಕ್ಕೆ ಒಂದು ಖಾಲಿ ಹಾಳೆ, ಒಂದು ಪೆನ್ಸಿಲ್ ಕಟ್ಟಿದ್ದೇನೆ. ಹಿಂಗಾರಿಗೆ ಗೊಂಜಾಳ ಅಥವಾ ಬಿಳಿಜೋಳ ಹಾಕುವವರ ಮನೆಯ ಮಕ್ಕಳು ಬಿತ್ತಿದ ದಿನಾಂಕ, ಮೊದಲ ಪತಂಗ ಕಂಡ ದಿನಾಂಕ, ಮೊದಲ ಮೊಟ್ಟೆ ಕಂಡ ದಿನಾಂಕ, ಮೂರನ್ನೂ ಅದರಲ್ಲಿ ಬರೆಯಿರಿ. ಹೊಲ ಯಾವ ದಿಕ್ಕಿಗೆ ಎಂಬುದನ್ನೂ ಬರೆಯಿರಿ. ಹಾಳೆ ತುಂಬಿದರೆ ನನ್ನ ಹತ್ತಿರ ಇನ್ನೊಂದು ಇದೆ.